ಮ್ಯಾಂಚೆಸ್ಟರ್‌ನ ಚಾರ್ಲಿ ರಾಬರ್ಟ್ಸ್ ಮತ್ತು ಆಟಗಾರರ ಯೂನಿಯನ್: 1909ರ ಜಗಳ ಇವತ್ತಿಗೂ ಯಾಕೆ ಮುಗಿದಿಲ್ಲ

2025ರ ಜುಲೈನಲ್ಲಿ ಅಮೆರಿಕದಲ್ಲಿ ಕ್ಲಬ್ ವರ್ಲ್ಡ್ ಕಪ್ ಫೈನಲ್ ನಡೆಯೋ ಹೊತ್ತಿಗೆ ಫಿಫಾ ನ್ಯೂಯಾರ್ಕ್‌ನಲ್ಲಿ ಒಂದು ಮೀಟಿಂಗ್ ಮಾಡ್ತು. ಆಟಗಾರರ ಯೂನಿಯನ್‌ಗಳ ಜೊತೆ ಮಾತಾಡಿದ್ದೀವಿ, ಎರಡು ಮ್ಯಾಚ್ ನಡುವೆ ಕನಿಷ್ಠ 72 ಗಂಟೆ ವಿಶ್ರಾಂತಿ ಇರ್ಬೇಕು, ಸೀಸನ್ ಮುಗಿದ್ಮೇಲೆ ಕನಿಷ್ಠ 21 ದಿನ ರಜೆ ಇರ್ಬೇಕು ಅಂತ ಎಲ್ರೂ ಒಪ್ಪಿದ್ದಾರೆ ಅಂತ ಹೇಳ್ತು. ಕೇಳೋಕೆ ಒಳ್ಳೇ ಸುದ್ದಿನೇ. ಆದ್ರೆ ಅರವತ್ತಕ್ಕೂ ಹೆಚ್ಚು ದೇಶಗಳ ಆಟಗಾರರ ಯೂನಿಯನ್‌ಗಳು ಸೇರಿ ಕಟ್ಟಿರೋ ಫಿಫ್‌ಪ್ರೋ ಅನ್ನೋ ಒಕ್ಕೂಟ ಇದ್ಯಲ್ಲ, ಫಿಫಾ ಮೇಲೆ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟವರಲ್ಲಿ ಅದರ ಯುರೋಪ್ ವಿಭಾಗವೂ ಇದೆ, ಆ ಒಕ್ಕೂಟಕ್ಕೇ ಆ ಮೀಟಿಂಗಿಗೆ ಕರೆ ಇರ್ಲಿಲ್ಲ. ಅಂದ್ರೆ ಆಟಗಾರರ ಪರವಾಗಿ ಯಾರು ಮಾತಾಡ್ಬೇಕು ಅನ್ನೋದನ್ನ ಎದುರಿನ ಪಾರ್ಟಿನೇ ಆರಿಸಿಕೊಂಡಿತ್ತು.

ಈ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ಚಾರ್ಲಿ ರಾಬರ್ಟ್ಸ್. ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್ಸ್ ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ, ಬೆಕ್‌ಹ್ಯಾಮ್ ಗೊತ್ತು, ರೊನಾಲ್ಡೊ ಗೊತ್ತು, ಹಳೇ ಕಾಲದವರಿಗೆ ಜಾರ್ಜ್ ಬೆಸ್ಟ್, ಬಾಬಿ ಚಾರ್ಲ್‌ಟನ್ ಗೊತ್ತು, ಆದ್ರೆ ಆ ಕ್ಲಬ್ಬಿಗೆ ಮೊದಲ ಲೀಗ್ ಟೈಟಲ್, ಮೊದಲ ಎಫ್‌ಎ ಕಪ್ ಎರಡನ್ನೂ ತಂದುಕೊಟ್ಟ ಕ್ಯಾಪ್ಟನ್ ಹೆಸರು ಕೇಳಿದ್ರೆ ಹೇಳೋರು ಕಮ್ಮಿ. ಇವತ್ತು ಫುಟ್ಬಾಲ್‌ನಲ್ಲಿ ನಡೀತಿರೋ ಕಾನೂನು ಜಗಳ ಅರ್ಥ ಆಗ್ಬೇಕು ಅಂದ್ರೆ ಈ ಮನುಷ್ಯನ ಕರಿಯರ್ ನೋಡೋದು ಬಹಳ ಉಪಯೋಗ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ರಾಬರ್ಟ್ಸ್ ಹುಟ್ಟಿದ್ದು 1883ರಲ್ಲಿ, ಇಂಗ್ಲೆಂಡಿನ ಈಶಾನ್ಯದ ಡಾರ್ಲಿಂಗ್ಟನ್ ಊರಿನ ರೈಸ್ ಕಾರ್ ಅನ್ನೋ ಕಾರ್ಮಿಕರ ಏರಿಯಾದಲ್ಲಿ. ಕಬ್ಬಿಣ, ರೈಲ್ವೇ ಕೆಲಸದ ಊರು ಅದು, ಇವನೂ ಕುಲುಮೆ ಕೆಲಸ ಮಾಡ್ಕೊಂಡೇ ಬೆಳೆದವನು. ಬಿಷಪ್ ಆಕ್ಲೆಂಡ್ ಅನ್ನೋ ಅಮೆಚೂರ್ ಕ್ಲಬ್ಬಿಗೆ ಆಡಿ, ಅಲ್ಲಿಂದ ಗ್ರಿಮ್ಸ್‌ಬಿ ಟೌನ್‌ಗೆ ಹೋಗಿ, 1904ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ. ಆಗ ಯುನೈಟೆಡ್ ಏನೂ ದೊಡ್ಡ ಕ್ಲಬ್ ಅಲ್ಲ, ಎರಡನೇ ಡಿವಿಷನ್‌ನಲ್ಲಿತ್ತು. ಅದಕ್ಕೆ ಎರಡು ವರ್ಷ ಮುಂಚೆ ನ್ಯೂಟನ್ ಹೀತ್ ಅನ್ನೋ ಹಳೇ ಹೆಸರಿನಲ್ಲಿ ದಿವಾಳಿ ಅಂಚಿಗೆ ಹೋಗಿ, ಜಾನ್ ಹೆನ್ರಿ ಡೇವಿಸ್ ಅನ್ನೋ ಬಿಯರ್ ಕಂಪನಿ ಸಾಹುಕಾರ ದುಡ್ಡು ಹಾಕಿದ್ದಕ್ಕೆ ಉಳಕೊಂಡಿತ್ತು.

ರಾಬರ್ಟ್ಸ್ ಆಡ್ತಿದ್ದಿದ್ದು ಸೆಂಟರ್ ಹಾಫ್. ಇಲ್ಲಿ ಒಂದು ವಿಷಯ ಗಮನಿಸಿ, ಅವತ್ತಿನ ಸೆಂಟರ್ ಹಾಫ್ ಅಂದ್ರೆ ಇವತ್ತಿನ ಥರ ಗೋಲ್ ಮುಂದೆ ಗೋಡೆ ಹಾಗೆ ನಿಲ್ಲೋ ಡಿಫೆಂಡರ್ ಅಲ್ಲ. ಹಿಂದೆ ಇಬ್ರು, ನಡುವೆ ಮೂವರು, ಮುಂದೆ ಐವರು ಅನ್ನೋ ಫಾರ್ಮೇಷನ್‌ನಲ್ಲಿ ನಡುವಿನ ಮೂವರಲ್ಲಿ ಸರೀ ಮಧ್ಯದವನು ಸೆಂಟರ್ ಹಾಫ್, ಬಾಲ್ ಕಿತ್ಕೊಳ್ಳೋದೂ ಅವನೇ, ಮುಂದಕ್ಕೆ ಆಟ ಕಟ್ಟೋದೂ ಅವನೇ. ಇವತ್ತಿನ ಲೆಕ್ಕದಲ್ಲಿ ಹೇಳೋದಾದ್ರೆ ಮ್ಯಾಂಚೆಸ್ಟರ್ ಸಿಟಿಯಲ್ಲಿ ರೋಡ್ರಿ ಮಾಡಿದ ಕೆಲಸ. ಎಡಕ್ಕೆ ಅಲೆಕ್ಸ್ ಬೆಲ್, ಬಲಕ್ಕೆ ಡಿಕ್ ಡಕ್‌ವರ್ತ್, ನಡುವೆ ರಾಬರ್ಟ್ಸ್, ಈ ಮೂವರ ಸಾಲು ಅವತ್ತಿಗೆ ಇಡೀ ಇಂಗ್ಲೆಂಡಿನಲ್ಲಿ ಫೇಮಸ್. ಮುಖ ಬಿಳಿಚಿಕೊಂಡಿರ್ತಿತ್ತಂತೆ, ಅದಕ್ಕೆ ‘ಬೂಟು ಹಾಕಿರೋ ದೆವ್ವ’ ಅಂತ ಜನ ಕರೀತಿದ್ರು. ಚಡ್ಡಿ ಮೊಣಕಾಲು ಮುಚ್ಚಬೇಕು ಅಂತ ಎಫ್‌ಎ, ಅಂದ್ರೆ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್, 1904ರಲ್ಲಿ ಆರ್ಡರ್ ಮಾಡಿದ್ರೂ ಇವನು ಮೇಲಕ್ಕೇ ಹಾಕ್ಕೊಂಡು ಆಡ್ತಿದ್ದ.

1906ರಲ್ಲಿ ಯುನೈಟೆಡ್ ಮೊದಲ ಡಿವಿಷನ್‌ಗೆ ಬಂತು, 1908ರಲ್ಲಿ ಲೀಗ್ ಗೆದ್ದಿತು, 1909ರಲ್ಲಿ ಬ್ರಿಸ್ಟಲ್ ಸಿಟಿನ 1-0ಯಿಂದ ಸೋಲಿಸಿ ಎಫ್‌ಎ ಕಪ್ ಎತ್ತಿತು, 1911ರಲ್ಲಿ ಮತ್ತೆ ಲೀಗ್. ಇಷ್ಟಕ್ಕೂ ಕ್ಯಾಪ್ಟನ್ ರಾಬರ್ಟ್ಸ್. ಒಟ್ಟು ಆ ಕ್ಲಬ್ಬಿಗೆ 302 ಮ್ಯಾಚ್ ಆಡಿ 23 ಗೋಲ್ ಹೊಡೆದ. ಯುನೈಟೆಡ್ ಆಟಗಾರ ಅನ್ನಿಸಿಕೊಂಡು ಇಂಗ್ಲೆಂಡ್ ಪರ ಆಡಿದ ಮೊದಲನೇ ಮನುಷ್ಯನೂ ಇವನೇ.

ಈಗ ಸಂಬಳದ ವಿಷಯಕ್ಕೆ ಬರೋಣ, ಯಾಕಂದ್ರೆ ಜಗಳ ಶುರುವಾಗೋದು ಅಲ್ಲಿಂದ. ಎಫ್‌ಎ ರೂಲ್ ಪ್ರಕಾರ 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡ್‌ಗಿಂತ ಜಾಸ್ತಿ ಕೊಡೋ ಹಾಗಿಲ್ಲ, ಗೆದ್ದಿದ್ದಕ್ಕೆ ಬೋನಸ್ಸೂ ಇಲ್ಲ. ಕಸುಬು ಬಲ್ಲ ಕಾರ್ಮಿಕನಿಗೆ ಸುಮಾರು 2 ಪೌಂಡ್ ಸಿಗ್ತಿದ್ದ ಕಾಲ ಅದು, ಹಾಗಾಗಿ 4 ಪೌಂಡ್ ಕಮ್ಮಿ ಏನಲ್ಲ ಅಂತ ಅನ್ನಿಸ್ಬಹುದು. ಆದ್ರೆ ಆಟಗಾರನ ದುಡಿಮೆ ಹತ್ತು ವರ್ಷದ್ದು, ಮಂಡಿ ಹೋದ್ರೆ ಅವತ್ತಿಗೇ ಮುಗೀತು. ಇದರ ಜೊತೆಗೆ ಇನ್ನೊಂದು ರೂಲ್ ಇತ್ತು, ನನ್ನ ಪ್ರಕಾರ ಅದೇ ನಿಜವಾದ ಸಂಕೋಲೆ. ಆಟಗಾರ ಸಹಿ ಹಾಕೋದು ಒಂದು ವರ್ಷಕ್ಕೆ. ವರ್ಷ ಮುಗಿದ ಮೇಲೆ ಕ್ಲಬ್ ಅವನನ್ನ ‘ರಿಟೇನ್’ ಲಿಸ್ಟಿನಲ್ಲಿ ಹಾಕಿಬಿಟ್ರೆ ಬೇರೆ ಯಾವ ಲೀಗ್ ಕ್ಲಬ್ಬೂ ಅವನನ್ನ ತಗೊಳ್ಳೋ ಹಾಗಿಲ್ಲ. ಕಾಂಟ್ರಾಕ್ಟ್ ಮುಗಿದಿದೆ, ಸಂಬಳ ಬರ್ತಿಲ್ಲ, ಆದ್ರೂ ರಿಜಿಸ್ಟ್ರೇಷನ್ ಮಾತ್ರ ಹಳೇ ಕ್ಲಬ್ ಕೈಲೇ. ಬಿಡ್ಬೇಕು ಅಂದ್ರೆ ಅವರು ಕೇಳಿದ ಟ್ರಾನ್ಸ್‌ಫರ್ ಫೀಸು ಯಾರಾದ್ರೂ ಕಟ್ಬೇಕು.

ಈ ಎರಡು ರೂಲನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 1905ರಲ್ಲಿ ಮಿಡಲ್ಸ್‌ಬ್ರೋ ಕ್ಲಬ್ ಡಿಮೋಟ್ ಆಗೋ ಭಯದಲ್ಲಿ ಆಲ್ಫ್ ಕಾಮನ್ ಅನ್ನೋ ಫಾರ್ವರ್ಡ್‌ಗೆ ಸಂಡರ್‌ಲೆಂಡ್ ಕ್ಲಬ್ಬಿಗೆ 1,000 ಪೌಂಡ್ ಕೊಟ್ಟಿತು, ಫುಟ್ಬಾಲ್ ಚರಿತ್ರೆಯಲ್ಲಿ ಮೊದಲ ಸಾವಿರ ಪೌಂಡ್ ಟ್ರಾನ್ಸ್‌ಫರ್ ಅದು, ಪೇಪರ್‌ನೋರೆಲ್ಲ ಇದೇನು ಮನುಷ್ಯರ ವ್ಯಾಪಾರನಾ ಅಂತ ಕೂಗಾಡಿದ್ರು. ಆದ್ರೆ ಆ ಆಟಗಾರನಿಗೆ ಕಾನೂನು ಪ್ರಕಾರ ಸಿಗೋದು ಮಾತ್ರ ಅದೇ ವಾರಕ್ಕೆ 4 ಪೌಂಡ್. 1,000 ಪೌಂಡ್ ಅಂದ್ರೆ 250 ವಾರದ ಸಂಬಳ. ಎಫ್‌ಎ ಏನು ಮಾಡ್ತು, 1908ರ ಜನವರಿಯಲ್ಲಿ ಟ್ರಾನ್ಸ್‌ಫರ್ ಫೀಸಿಗೂ 350 ಪೌಂಡ್ ಮಿತಿ ಹಾಕ್ತು, ಕ್ಲಬ್ಬುಗಳು ದಾರಿ ಹುಡುಕ್ಕೊಂಡ್ವು, ಕೆಲವೇ ತಿಂಗಳಲ್ಲಿ ಆ ರೂಲ್ ವಾಪಸ್ ಹೋಯ್ತು. ಸಂಬಳದ ಮಿತಿ ಮಾತ್ರ 1961ರ ತನಕ ಇತ್ತು! ಕ್ಲಬ್ಬುಗಳಿಗೆ ಕಷ್ಟ ಕೊಡೋ ರೂಲ್ ತಿಂಗಳಲ್ಲಿ ಹೋಗತ್ತೆ, ಆಟಗಾರನ ಕೈ ಕಟ್ಟೋ ರೂಲ್ ಅರವತ್ತು ವರ್ಷ ಬಾಳತ್ತೆ, ಯಾಕಂದ್ರೆ ರೂಲ್ ಬರೆಯೋ ಟೇಬಲ್ ಹತ್ರ ಕೂತವರಲ್ಲಿ ಒಬ್ಬ ಆಟಗಾರನೂ ಇರ್ಲಿಲ್ಲ.

ಇನ್ನೊಂದು ಘಟನೆ ಹೇಳ್ದೇ ಮುಂದೆ ಹೋಗೋಕೆ ಆಗಲ್ಲ. 1907ರ ಏಪ್ರಿಲ್‌ನಲ್ಲಿ ಯುನೈಟೆಡ್‌ನ ಟಾಮಿ ಬ್ಲ್ಯಾಕ್‌ಸ್ಟಾಕ್ ಅನ್ನೋ ಹುಡುಗ, ರಾಬರ್ಟ್ಸ್‌ನ ಟೀಮ್‌ಮೇಟ್, ರಿಸರ್ವ್ ಟೀಮಿನ ಒಂದು ಮ್ಯಾಚ್‌ನಲ್ಲಿ ಬಾಲ್‌ಗೆ ತಲೆ ಕೊಟ್ಟ ಸ್ವಲ್ಪ ಹೊತ್ತಿಗೇ ಕುಸಿದುಬಿದ್ದ, ಅಲ್ಲೇ ಸತ್ತ. ವಯಸ್ಸು 25. ಸಹಜ ಸಾವು ಅಂತ ತೀರ್ಪಾಯ್ತು, ಮನೆಯವರಿಗೆ ಒಂದು ಬಿಡಿಗಾಸೂ ಸಿಗ್ಲಿಲ್ಲ. ಇದಕ್ಕೂ ಮುಂಚೆ ಮ್ಯಾಂಚೆಸ್ಟರ್ ಸಿಟಿಯ ಡೈ ಜೋನ್ಸ್ ಕೂಡ 1902ರಲ್ಲಿ ಸೀಸನ್ ಶುರುವಾಗೋಕೆ ಮುಂಚಿನ ಆಟದಲ್ಲಿ ಗಾಜಿನ ಚೂರಿಗೆ ಮಂಡಿ ಕೊಯ್ದುಕೊಂಡು, ಅದು ವಿಷವಾಗಿ ಸತ್ತಿದ್ದ. ಅಂದ್ರೆ ಆಟ ಆಡ್ತಾ ಆಡ್ತಾ ಸತ್ರೂ ಅದು ಕೆಲಸದ ಜಾಗದ ಸಾವು ಅಂತ ಲೆಕ್ಕಕ್ಕೆ ಬರ್ತಿರ್ಲಿಲ್ಲ.

ಬ್ಲ್ಯಾಕ್‌ಸ್ಟಾಕ್ ಸತ್ತ ವರ್ಷವೇ, 1907ರ ಡಿಸೆಂಬರ್ 2ಕ್ಕೆ ಮ್ಯಾಂಚೆಸ್ಟರ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ ಆಟಗಾರರು ಸೇರಿದ್ರು. ಮುಂದೆ ನಿಂತವರು ವೇಲ್ಸ್‌ನ ದೊಡ್ಡ ಸ್ಟಾರ್ ಬಿಲ್ಲಿ ಮೆರಿಡಿತ್ ಮತ್ತು ಚಾರ್ಲಿ ರಾಬರ್ಟ್ಸ್, ಇಬ್ಬರೂ ಯುನೈಟೆಡ್‌ನವರು. ಹಾಗೆ ಹುಟ್ಟಿದ ಪ್ಲೇಯರ್ಸ್ ಯೂನಿಯನ್‌ಗೆ ಇವತ್ತಿನ ಹೆಸರು ಪಿಎಫ್‌ಎ, ಅಂದ್ರೆ ಪ್ರೊಫೆಷನಲ್ ಫುಟ್ಬಾಲರ್ಸ್ ಅಸೋಸಿಯೇಷನ್. 1898ರಲ್ಲೂ ಒಂದು ಯೂನಿಯನ್ ಮಾಡೋ ಪ್ರಯತ್ನ ಆಗಿತ್ತು, ಅದು ಮೂರ್ನಾಲ್ಕು ವರ್ಷದಲ್ಲಿ ಮುಗಿದಿತ್ತು. ಈ ಸಲ ಹಾಗಾಗಬಾರ್ದು ಅಂತ ಇವರು ಎರಡು ಕೆಲಸ ಮಾಡಿದ್ರು. ಒಂದು, ಗಾಯ, ಸಾವು, ಬಾಕಿ ಸಂಬಳ ಇಂಥ ವಿಷಯಕ್ಕೆ ಸೀದಾ ಕೋರ್ಟಿಗೆ ಹೋಗೋದು. ಎರಡು, ಉಳಿದ ಕಾರ್ಮಿಕರ ದೊಡ್ಡ ಒಕ್ಕೂಟ, ಜನರಲ್ ಫೆಡರೇಷನ್ ಆಫ್ ಟ್ರೇಡ್ ಯೂನಿಯನ್ಸ್, ಅದರ ಜೊತೆ ಸೇರೋದು.

ಎಫ್‌ಎಗೆ ತಡೆಯೋಕಾಗದೇ ಹೋಗಿದ್ದು ಈ ಎರಡೇ. ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ರೆ ಆಗಲ್ಲ ಅಂತ ಹೇಳಿ ಕಳಿಸಬಹುದಿತ್ತು. ಆದ್ರೆ ಆಟಗಾರ ಕೋರ್ಟಿಗೆ ಹೋಗ್ತೀನಿ ಅಂದ್ರೆ, ನಮ್ಮ ಜಗಳಕ್ಕೆ ನಾವೇ ಜಡ್ಜು ಅನ್ನೋ ಎಫ್‌ಎ ಅಧಿಕಾರಕ್ಕೇ ಕೊಡಲಿ ಏಟು. ಗಣಿ ಕಾರ್ಮಿಕರ ಜೊತೆ, ಮಿಲ್ ಕಾರ್ಮಿಕರ ಜೊತೆ ನಾವೂ ಕಾರ್ಮಿಕರು ಅಂತ ನಿಂತ್ರೆ, ಇದು ಆಟ, ಕೆಲಸ ಅಲ್ಲ ಅನ್ನೋ ಮಾತೇ ಬಿದ್ದುಹೋಗತ್ತೆ. 1909ರಲ್ಲಿ ಎಫ್‌ಎ ಯೂನಿಯನ್‌ಗೆ ಕೊಟ್ಟಿದ್ದ ಮಾನ್ಯತೆ ವಾಪಸ್ ತಗೊಂಡು, ಜುಲೈ 1ರ ಒಳಗೆ ಎಲ್ರೂ ಯೂನಿಯನ್ ಬಿಡ್ಬೇಕು, ಬಿಡ್ದೇ ಇದ್ರೆ ರಿಜಿಸ್ಟ್ರೇಷನ್ ಕ್ಯಾನ್ಸಲ್ ಅಂತ ಆರ್ಡರ್ ಮಾಡ್ತು.

ಬಹುಪಾಲು ಆಟಗಾರರು ಬಿಟ್ರು. ಅವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ, ಹೆಂಡತಿ ಮಕ್ಕಳು ಬಾಡಿಗೆ ಮನೆ ಇರೋರು, ಬೇಸಿಗೆ ತಿಂಗಳಲ್ಲಿ ಸಂಬಳ ನಿಂತ್ರೆ ಏನು ಮಾಡ್ತಾರೆ. ಆದ್ರೆ ಏಪ್ರಿಲ್‌ನಲ್ಲಷ್ಟೇ ಎಫ್‌ಎ ಕಪ್ ಗೆದ್ದಿದ್ದ ಯುನೈಟೆಡ್ ಆಟಗಾರರು ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ. ರಾಬರ್ಟ್ಸ್ ವಿಷಯ ಇನ್ನೂ ಗಂಭೀರ. ಅವನಿಗೆ ಬೆನಿಫಿಟ್ ಬರೋದಿತ್ತು, ಅಂದ್ರೆ ಐದು ವರ್ಷ ಸೇವೆ ಮಾಡಿದವನಿಗೆ ಒಂದು ಮ್ಯಾಚ್‌ನ ಕಲೆಕ್ಷನ್ ಕೊಡೋ ಪದ್ಧತಿ, ಅವನಿಗೆ ಗ್ಯಾರಂಟಿ ಮಾಡಿದ್ದು 500 ಪೌಂಡ್. ವಾರಕ್ಕೆ 4 ಪೌಂಡ್ ಲೆಕ್ಕದಲ್ಲಿ 125 ವಾರದ ಸಂಬಳ, ಎರಡು ವರ್ಷಕ್ಕಿಂತ ಜಾಸ್ತಿ ದುಡಿದ ದುಡ್ಡು. ಒಂದು ಸಹಿ ಹಾಕಿದ್ರೆ ಆ ದುಡ್ಡು ಭದ್ರ, ಹಾಕ್ದೇ ಇದ್ರೆ ದುಡ್ಡೂ ಇಲ್ಲ, ಕೆಲಸವೂ ಇಲ್ಲ. ಹಾಕ್ಲಿಲ್ಲ.

ಆ ಬೇಸಿಗೆಯ ಒಂದು ಶುಕ್ರವಾರದ ಬಗ್ಗೆ ರಾಬರ್ಟ್ಸ್ ಮುಂದೆ ಹೇಳ್ಕೊಂಡಿದ್ದಾನೆ. ಸಂಬಳದ ದಿನ ಅಂತ ಇವರೆಲ್ಲ ಮಾಮೂಲಿಯಂತೆ ಕ್ಲಬ್ ಆಫೀಸಿಗೆ ಹೋದ್ರು. ಅಲ್ಲಿದ್ದಿದ್ದು ಆಫೀಸ್ ಹುಡುಗ ಒಬ್ಬನೇ, ನಿಮಗೆ ಕೊಡೋಕೆ ದುಡ್ಡು ಇಲ್ಲ ಅಂದ. ಹಾಗಾದ್ರೆ ಏನಾದ್ರೂ ತಗೊಂಡೇ ಹೋಗ್ಬೇಕು ಅಂತ ಸ್ಯಾಂಡಿ ಟರ್ನ್‌ಬುಲ್, ಕಪ್ ಫೈನಲ್‌ನಲ್ಲಿ ಗೆಲುವಿನ ಗೋಲ್ ಹೊಡೆದವನು, ಗೋಡೆ ಮೇಲಿನ ಕನ್ನಡಿ ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ಹೊರಟೇಬಿಟ್ಟ. ಉಳಿದವರೂ ಫೋಟೋ ಅದೂ ಇದೂ ಕೈಗೆ ಸಿಕ್ಕಿದ್ದು ಎತ್ಕೊಂಡು ಹಿಂದೇನೇ ಹೋದ್ರು, ಆಫೀಸು ಬೋಳು ಬೋಳಾಯ್ತು. ಮ್ಯಾನೇಜರ್ ಬಂದ್ರೆ ನನ್ನ ಗತಿ ಏನು ಅಂತ ಆ ಹುಡುಗ ಹೆದರಿಹೋದ. ರಾಬರ್ಟ್ಸ್ ಅವನ ಜೊತೆಗೇ ಉಳ್ಕೊಂಡು, ಬಾ ನನ್ ಜೊತೆ, ಅವರು ತಮಾಷೆ ಮಾಡ್ತಿದ್ದಾರೆ ಅಂತ ಸಮಾಧಾನ ಹೇಳಿ, ಹೋಗಿ ಒಂದೊಂದಾಗಿ ಎಲ್ಲಾ ಸಾಮಾನನ್ನೂ ವಾಪಸ್ ಕೊಡಿಸಿದ. ಅವನು ಎಂಥ ಕ್ಯಾಪ್ಟನ್ ಆಗಿದ್ದ ಅನ್ನೋದು ನನಗೆ ಮೆಡಲ್‌ಗಳಿಗಿಂತ ಇದರಲ್ಲೇ ಚೆನ್ನಾಗಿ ಕಾಣ್ಸೋದು, ದೊಡ್ಡವರ ಎದುರು ತಲೆ ಬಗ್ಗಿಸ್ಲಿಲ್ಲ, ಆದ್ರೆ ಆ ಜಗಳದ ಬಿಸಿ ಒಬ್ಬ ಚಿಕ್ಕ ನೌಕರನಿಗೆ ತಾಗೋಕೂ ಬಿಡ್ಲಿಲ್ಲ.

ಕ್ಲಬ್ ಬಾಗಿಲು ಮುಚ್ಚಿದ್ಮೇಲೆ ಇವರು ಫ್ಯಾಲೋಫೀಲ್ಡ್‌ನ ಅಥ್ಲೆಟಿಕ್ ಕ್ಲಬ್ ಮೈದಾನದಲ್ಲಿ ಪ್ರಾಕ್ಟೀಸ್ ಶುರು ಮಾಡಿದ್ರು. ಎವರ್ಟನ್‌ನ ಟಿಮ್ ಕೋಲ್‌ಮನ್ ಕೂಡ ಬಂದು ಸೇರಿಕೊಂಡ. ಫೋಟೋ ತೆಗೆಯೋನು ಬಂದಾಗ ರಾಬರ್ಟ್ಸ್ ಒಂದು ಹಲಗೆ ಮೇಲೆ ‘ಔಟ್‌ಕಾಸ್ಟ್ಸ್ ಎಫ್‌ಸಿ 1909’ ಅಂತ ಬರೆದು ಮುಂದೆ ಇಟ್ಟ, ಹೊರಗೆ ಹಾಕಿಸ್ಕೊಂಡವರ ಕ್ಲಬ್ ಅಂತ. ಆ ಫೋಟೋ ಪೇಪರ್‌ಗಳಲ್ಲಿ ಬಂತು. ಅಷ್ಟರಲ್ಲಿ ಕ್ಲಬ್ಬುಗಳು ಅಮೆಚೂರ್ ಆಟಗಾರರನ್ನ ಗುಡ್ಡೆ ಹಾಕ್ತಿದ್ವು, ಸೀಸನ್ ಹತ್ರ ಬಂದ ಹಾಗೆ ಬೇರೆ ಕ್ಲಬ್ ಆಟಗಾರರ ಮನಸ್ಸೂ ಮತ್ತೆ ಯೂನಿಯನ್ ಕಡೆ ತಿರುಗ್ತು, ನ್ಯೂಕಾಸಲ್‌ನ ಕಾಲಿನ್ ವೀಚ್ ಥರದವರು ಮಾತುಕತೆಗೆ ಇಳಿದ್ರು, ಕೊನೆಗೆ ಆಗಸ್ಟ್ 31ಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಫ್‌ಎ ಇಳಿದು ಬಂತು. ಮಾರನೇ ದಿನ ಸೀಸನ್ ಶುರು! ಯೂನಿಯನ್‌ಗೆ ಮಾನ್ಯತೆ ಸಿಕ್ತು, ಬಾಕಿ ಸಂಬಳ ಸಿಕ್ತು, ಬೋನಸ್ ಕೊಡೋಕೆ ಅವಕಾಶ ಸಿಕ್ತು. ಯುನೈಟೆಡ್ ಆಟಗಾರರು ಬ್ರಾಡ್‌ಫರ್ಡ್ ಸಿಟಿ ಮೇಲೆ ಮೊದಲ ಮ್ಯಾಚಿಗೆ ಯೂನಿಯನ್ ಪಟ್ಟಿ ತೋಳಿಗೆ ಕಟ್ಕೊಂಡು ಇಳಿದ್ರು.

ಗೆದ್ರಾ ಹಾಗಾದ್ರೆ? ನನ್ನ ಲೆಕ್ಕದಲ್ಲಿ ಅರ್ಧ ಗೆದ್ರು, ಮುಖ್ಯವಾದ ಅರ್ಧ ಸೋತ್ರು. ಯಾಕಂದ್ರೆ ಆ ಒಪ್ಪಂದಕ್ಕೆ ಎಫ್‌ಎ ಹಾಕಿದ ಷರತ್ತು ಕಾರ್ಮಿಕ ಒಕ್ಕೂಟದಿಂದ ಹೊರಗೆ ಬರಬೇಕು ಅನ್ನೋದು, ಕೆಲವೇ ವಾರದಲ್ಲಿ ಯೂನಿಯನ್ ಸದಸ್ಯರೇ ವೋಟ್ ಹಾಕಿ ಅದಕ್ಕೆ ಒಪ್ಪಿದ್ರು. ರಾಬರ್ಟ್ಸ್‌ಗೆ ಇದು ಬಹಳ ನೋವಾದ ವಿಷಯ, ನಾನಾಗಿದ್ರೆ ಒಪ್ತಾನೇ ಇರ್ಲಿಲ್ಲ ಅಂತ ಬಹಿರಂಗವಾಗಿ ಹೇಳ್ದ. ಅವನು ಹೇಳಿದ್ದು ಸರಿ ಅಂತ ಮುಂದಿನ ಮೂರೇ ವರ್ಷದಲ್ಲಿ ಗೊತ್ತಾಯ್ತು. 1912ರಲ್ಲಿ ಹರ್ಬರ್ಟ್ ಕಿಂಗಬಿ ಅನ್ನೋ ವಿಂಗರ್ ಪರವಾಗಿ ಯೂನಿಯನ್ ಆಸ್ಟನ್ ವಿಲ್ಲಾ ಮೇಲೆ ಕೇಸ್ ಹಾಕ್ತು. ವಿಲ್ಲಾ ಪರ ನಾಲ್ಕೇ ನಾಲ್ಕು ಮ್ಯಾಚ್ ಆಡಿ ಬಿಟ್ಟುಹೋದವನ ಮೇಲೆ ವರ್ಷಗಟ್ಟಲೆ ಆದ್ಮೇಲೂ ಆ ಕ್ಲಬ್ ಟ್ರಾನ್ಸ್‌ಫರ್ ಫೀಸು ಕೇಳ್ತಿತ್ತು, ಕಟ್ಟೋರಿಲ್ಲ, ಅವನು ದೊಡ್ಡ ಲೀಗ್‌ಗಳಲ್ಲಿ ಆಡೋ ಹಾಗಿಲ್ಲ. ಇಂಥ ಕೇಸು ಗೆಲ್ಲಬೇಕಿತ್ತು. ಆದ್ರೆ ವಕೀಲರು ಈ ರೂಲೇ ಅನ್ಯಾಯ ಅಂತ ವಾದ ಮಾಡೋದು ಬಿಟ್ಟು, ಕ್ಲಬ್ಬಿಗೆ ಇವನ ಮೇಲೆ ದುರುದ್ದೇಶ ಇತ್ತು ಅಂತ ವಾದ ಹಿಡಿದ್ರು. ದುರುದ್ದೇಶ ಪ್ರೂವ್ ಆಗ್ಲಿಲ್ಲ, ಕೇಸು ಬಿತ್ತು, ಖರ್ಚಿನಲ್ಲಿ ಯೂನಿಯನ್ ಮುಳುಗೋ ಸ್ಥಿತಿಗೆ ಬಂತು. ಬೆನ್ನಿಗೆ ದೊಡ್ಡ ಒಕ್ಕೂಟ ಇದ್ದಿದ್ರೆ ಒಂದು ಸೋಲಿಗೆ ಹಾಗೆ ಕುಸೀತಿರ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅದೇ ‘ರಿಟೇನ್’ ರೂಲನ್ನ ಸರಿಯಾದ ವಾದದ ಮೇಲೆ ಕೆಡವೋಕೆ 1963 ಬರ್ಬೇಕಾಯ್ತು. ನ್ಯೂಕಾಸಲ್ ಮೇಲೆ ಜಾರ್ಜ್ ಈಸ್ಟ್‌ಹ್ಯಾಮ್ ಹಾಕಿದ ಕೇಸಿನಲ್ಲಿ ಜಸ್ಟಿಸ್ ವಿಲ್ಬರ್‌ಫೋರ್ಸ್ ಇದು ದುಡಿಯೋ ಸ್ವಾತಂತ್ರ್ಯಕ್ಕೆ ಹಾಕಿದ ನ್ಯಾಯವಲ್ಲದ ಅಡ್ಡಿ ಅಂತ ತೀರ್ಪು ಕೊಟ್ರು. ಒಂದು ತಪ್ಪು ವಾದಕ್ಕೆ ಐವತ್ತೊಂದು ವರ್ಷ ಹೋಯ್ತು.

ರಾಬರ್ಟ್ಸ್ ಬಗ್ಗೆ ಎಲ್ಲಾ ಕಡೆ ಬರೆಯೋ ಒಂದು ಮಾತಿದೆ, ಯೂನಿಯನ್ ಮಾಡಿದ್ದಕ್ಕೇ ಇಂಗ್ಲೆಂಡ್ ಟೀಮಿಗೆ ತಗೊಳ್ಲಿಲ್ಲ, ಮೂರೇ ಮ್ಯಾಚಿಗೆ ನಿಂತುಹೋಯ್ತು ಅಂತ. ನಾನು ಅವನ ಅಭಿಮಾನಿನೇ ಆದ್ರೂ ಇದನ್ನ ಪೂರ್ತಿ ಒಪ್ಪೋಕೆ ಆಗಲ್ಲ, ತಾರೀಕು ಹೊಂದಲ್ಲ. ಆ ಮೂರೂ ಮ್ಯಾಚ್ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮೇಲೆ, ಮೂರೂ 1905ರಲ್ಲೇ. ಯೂನಿಯನ್ ಹುಟ್ಟಿದ್ದು 1907ರ ಕೊನೆಗೆ. ನಡುವಿನ ಎರಡು ವರ್ಷಕ್ಕೆ ಯೂನಿಯನ್ ಕಾರಣ ಆಗೋಕೆ ಸಾಧ್ಯ ಇಲ್ಲ. 1907ರಿಂದ ಆ ಜಾಗ ಹಿಡಿದಿದ್ದು ಬ್ರಿಸ್ಟಲ್ ಸಿಟಿಯ ಬಿಲ್ಲಿ ವೆಡ್‌ಲಾಕ್, ಅವನು 26 ಮ್ಯಾಚ್ ಆಡ್ದ, ಅವನೂ ಸಾಮಾನ್ಯ ಆಟಗಾರ ಏನಲ್ಲ. ಆದ್ರೆ 1908, 1909, 1911ರಲ್ಲಿ ಲೀಗು ಕಪ್ಪು ಎಲ್ಲಾ ಗೆದ್ದ ಟೀಮಿನ ಕ್ಯಾಪ್ಟನ್‌ಗೆ, ಅದೂ 1909ರ ಕಪ್ ಫೈನಲ್‌ನಲ್ಲಿ ಅದೇ ವೆಡ್‌ಲಾಕ್ ಇದ್ದ ಬ್ರಿಸ್ಟಲ್ ಸಿಟಿನ ಸೋಲಿಸಿದವನಿಗೆ ಆಮೇಲೆ ಒಂದೇ ಒಂದು ಮ್ಯಾಚೂ ಕೊಡ್ಲಿಲ್ಲ ಅಂದ್ರೆ, ಅದಕ್ಕೆ ಬರೀ ಆಟ ಕಾರಣ ಅಂತ ನಂಬೋದೂ ಕಷ್ಟ. ಟೀಮ್ ಆರಿಸೋರೂ ಎಫ್‌ಎ ಕಮಿಟಿಯೋರೇ ಆಗಿದ್ರು.

1913ರಲ್ಲಿ ಯುನೈಟೆಡ್ ಅವನನ್ನ ಓಲ್ಡ್‌ಹ್ಯಾಮ್ ಅಥ್ಲೆಟಿಕ್‌ಗೆ ಸುಮಾರು 1,500 ಪೌಂಡ್‌ಗೆ ಮಾರ್ತು. ಆಗ ಗರಿಷ್ಠ ಸಂಬಳ 5 ಪೌಂಡ್ ಆಗಿತ್ತು, ಆ ಲೆಕ್ಕದಲ್ಲೂ 300 ವಾರದ ಸಂಬಳ, ಹೆಚ್ಚುಕಮ್ಮಿ ಆರು ವರ್ಷದ್ದು. ಓಲ್ಡ್‌ಹ್ಯಾಮ್ ಅನ್ನೋದು ಹತ್ತಿ ಗಿರಣಿಗಳ ಚಿಕ್ಕ ಊರು. ಇವನ ಕ್ಯಾಪ್ಟನ್ಸಿಯಲ್ಲಿ 1914-15ರ ಸೀಸನ್ನಿನಲ್ಲಿ ಆ ಕ್ಲಬ್ ಲೀಗ್ ಗೆಲ್ಲೋದು ಒಂದೇ ಒಂದು ಪಾಯಿಂಟಲ್ಲಿ ತಪ್ಪಿತು, ಎವರ್ಟನ್‌ಗೆ 46, ಇವರಿಗೆ 45. ಅವತ್ತಿಂದ ಇವತ್ತಿನ ತನಕ ಓಲ್ಡ್‌ಹ್ಯಾಮ್‌ಗೆ ಅದಕ್ಕಿಂತ ಮೇಲೆ ಹೋಗೋಕಾಗಿಲ್ಲ. ಆಮೇಲೆ ಯುದ್ಧದಿಂದ ಲೀಗ್ ನಿಂತುಹೋಯ್ತು, ಅವನ ಆಟವೂ ಮುಗೀತು. ಯುದ್ಧ ಆದ್ಮೇಲೆ ಯೂನಿಯನ್‌ಗೆ ಅಧ್ಯಕ್ಷ ಆದ, ಓಲ್ಡ್‌ಹ್ಯಾಮ್‌ಗೆ ಸ್ವಲ್ಪ ದಿನ ಮ್ಯಾನೇಜರ್ ಆದ. ಮ್ಯಾಂಚೆಸ್ಟರ್‌ನಲ್ಲಿ ತಂಬಾಕು ವ್ಯಾಪಾರ ಇತ್ತು, ಡಕ್‌ವರ್ತ್, ರಾಬರ್ಟ್ಸ್, ಬೆಲ್ ಮೂವರ ಹೆಸರಿನ ತುಂಡು ಸೇರಿಸಿ ‘ಡುಕ್ರೋಬೆಲ್’ ಅಂತ ಒಂದು ಸಿಗರೇಟು ಮಾರ್ತಿದ್ದ. 1939ರ ಆಗಸ್ಟ್‌ನಲ್ಲಿ ತಲೆಯ ಆಪರೇಷನ್ ಆದ ಸಮಯದಲ್ಲಿ ತೀರ್ಕೊಂಡ.

ಓಲ್ಡ್‌ಹ್ಯಾಮ್ ಉದಾಹರಣೆ ಎಫ್‌ಎ ಪರವಾಗಿಯೂ ಮಾತಾಡತ್ತೆ, ಅದನ್ನ ಮುಚ್ಚಿಡೋದು ತಪ್ಪಾಗತ್ತೆ. ಸಂಬಳಕ್ಕೆ ಮಿತಿ ಇಲ್ಲ ಅಂದ್ರೆ ದುಡ್ಡಿರೋ ನಾಲ್ಕೈದು ಕ್ಲಬ್ಬು ಎಲ್ಲಾ ಒಳ್ಳೇ ಆಟಗಾರರನ್ನ ಬಾಚ್ಕೊಳ್ತವೆ, ಚಿಕ್ಕ ಊರಿನ ಕ್ಲಬ್ಬು ಸಾಯತ್ತೆ ಅನ್ನೋದು ಅವರ ವಾದ, ಅದು ಸುಳ್ಳಲ್ಲ, ಇವತ್ತಿನ ಪ್ರೀಮಿಯರ್ ಲೀಗ್ ನೋಡಿದ್ರೆ ಯಾರಿಗಾದ್ರೂ ಗೊತ್ತಾಗತ್ತೆ. ಶೇರುದಾರರ ಡಿವಿಡೆಂಡಿಗೂ ಎಫ್‌ಎ 5% ಮಿತಿ ಹಾಕಿತ್ತು, ಹಾಗಾಗಿ ಸಾಹುಕಾರರು ದೋಚ್ತಿದ್ರು ಅನ್ನೋಕೂ ಆಗಲ್ಲ. ನನ್ನ ತಕರಾರು ಮಿತಿ ಇದ್ದದ್ದಕ್ಕಲ್ಲ, ಅದನ್ನ ಯಾರಿಗೆ ಎಷ್ಟು ಅಂತ ಒಂದೇ ಕಡೆಯವರು ಕೂತು ಬರ್ಕೊಂಡ್ರಲ್ಲ ಅದಕ್ಕೆ.

ಇದು ಇವತ್ತಿಗೂ ನಡೀತಿರೋ ಜಗಳವೇ. 2025ರ ನವೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಮುಂದೆ ‘ಆಂಕರಿಂಗ್’ ಅನ್ನೋ ಪ್ರಸ್ತಾಪ ಬಂತು, ಕೊನೇ ಸ್ಥಾನದ ಕ್ಲಬ್ಬಿಗೆ ಲೀಗಿನಿಂದ ಬರೋ ದುಡ್ಡನ್ನ ಅಳತೆಗೋಲಾಗಿ ಇಟ್ಕೊಂಡು ಎಲ್ಲಾ ಕ್ಲಬ್ಬುಗಳ ಟೀಮ್ ಖರ್ಚಿಗೂ ಒಂದು ಮೇಲ್ಮಿತಿ ಹಾಕೋದು. ಇದು ಸುತ್ತಿ ಬಳಸಿ ಆಟಗಾರರ ಸಂಬಳಕ್ಕೇ ಹಾಕೋ ಮಿತಿ, ಕೋರ್ಟಿಗೆ ಹೋಗ್ತೀವಿ ಅಂತ ಎಚ್ಚರಿಕೆ ಕೊಟ್ಟಿದ್ದು ಅದೇ ಪಿಎಫ್‌ಎ, ಇಂಪೀರಿಯಲ್ ಹೋಟೆಲ್‌ನಲ್ಲಿ ಹುಟ್ಟಿದ ಯೂನಿಯನ್ನು. ಕ್ಲಬ್ಬುಗಳು ಆಂಕರಿಂಗ್ ಬೇಡ ಅಂತ ವೋಟ್ ಹಾಕಿ, ಆದಾಯಕ್ಕೆ ತಕ್ಕ ಹಾಗೆ ಖರ್ಚು ಮಾಡೋ ಬೇರೆ ರೂಲ್ ತಗೊಂಡ್ವು.

ಇನ್ನು ಯುರೋಪಿನಲ್ಲಿ 2024ರ ಅಕ್ಟೋಬರ್ 4ಕ್ಕೆ ಬಂದ, ಫ್ರಾನ್ಸ್‌ನ ಆಟಗಾರ ಲಸಾನಾ ಡಿಯಾರಾ ಕೇಸಿನ ತೀರ್ಪು. ಲೊಕೊಮೊಟಿವ್ ಮಾಸ್ಕೋ ಕ್ಲಬ್ 2014ರಲ್ಲಿ ಇವನ ಕಾಂಟ್ರಾಕ್ಟ್ ಮುರೀತು, ತಪ್ಪು ಇವನದ್ದೇ ಅಂತ ಫಿಫಾ ತೀರ್ಮಾನಿಸಿ 10.5 ಮಿಲಿಯನ್ ಯೂರೋ ಕಟ್ಟು ಅಂತು. ಬೆಲ್ಜಿಯಂನ ಶಾರ್ಲೆರ್ವಾ ಕ್ಲಬ್ ಇವನನ್ನ ತಗೊಳ್ಳೋಕೆ ರೆಡಿ ಇತ್ತು, ಆದ್ರೆ ಫಿಫಾ ರೂಲ್ ಪ್ರಕಾರ ಆ ದಂಡಕ್ಕೆ ಹೊಸ ಕ್ಲಬ್ಬೂ ಹೊಣೆ, ಮೇಲಿಂದ ರಿಜಿಸ್ಟ್ರೇಷನ್‌ಗೆ ಬೇಕಾದ ಸರ್ಟಿಫಿಕೇಟನ್ನೂ ತಡೆಹಿಡೀಬಹುದಿತ್ತು. ಅಂಥವನನ್ನ ಯಾರು ತಗೊಳ್ತಾರೆ? ಕಿಂಗಬಿಗೆ ಆಗಿದ್ದೂ ಇದೇ ಅಲ್ವಾ, ಕಾಂಟ್ರಾಕ್ಟ್ ಇಲ್ಲ, ಆದ್ರೂ ಬೇರೆ ಕಡೆ ದುಡಿಯೋ ಹಾಗಿಲ್ಲ. ಯುರೋಪಿಯನ್ ಯೂನಿಯನ್ ಕೋರ್ಟು ಈ ರೂಲ್‌ಗಳು ಕಾರ್ಮಿಕರ ಓಡಾಟದ ಸ್ವಾತಂತ್ರ್ಯಕ್ಕೂ, ಸ್ಪರ್ಧೆಯ ಕಾನೂನಿಗೂ ವಿರುದ್ಧ ಅಂತ ಹೇಳ್ತು. ಫಿಫಾ ಅದೇ ವರ್ಷದ ಕೊನೆಗೆ ತಾತ್ಕಾಲಿಕ ಬದಲಾವಣೆ ಮಾಡ್ತು, ಅದನ್ನೂ ತಾನೇ ಬರ್ಕೊಂಡು. ಫಿಫ್‌ಪ್ರೋ ಕೇಳ್ತಿರೋದು ಇಷ್ಟೇ, ಟ್ರಾನ್ಸ್‌ಫರ್ ರೂಲಾಗ್ಲಿ ಮ್ಯಾಚ್ ಕ್ಯಾಲೆಂಡರಾಗ್ಲಿ, ಬೇರೆ ಉದ್ಯಮಗಳಲ್ಲಿ ಮಾಡೋ ಹಾಗೆ ಕೆಲಸಗಾರರ ಸಂಘದ ಜೊತೆ ಕೂತು ಒಪ್ಪಂದ ಮಾಡಿ ಬರೀರಿ ಅಂತ.

ಕ್ಯಾಲೆಂಡರ್ ವಿಷಯ ಬಂದ್ಮೇಲೆ ರೋಡ್ರಿ ನೆನಪಾಗ್ತಾನೆ. 2024ರ ಸೆಪ್ಟೆಂಬರ್‌ನಲ್ಲಿ, ಮ್ಯಾಚ್‌ಗಳು ಹೀಗೇ ಜಾಸ್ತಿ ಆಗ್ತಾ ಹೋದ್ರೆ ಆಟಗಾರರು ಸ್ಟ್ರೈಕ್ ಮಾಡೋ ದಿನ ಹತ್ರ ಇದೆ ಅಂತ ಅವನು ಹೇಳಿದ, ಅದೇ ತಿಂಗಳು 22ಕ್ಕೆ ಆರ್ಸೆನಲ್ ಮೇಲೆ ಆಡ್ತಾ ಮಂಡಿಯ ಲಿಗಮೆಂಟ್ ಹರೀತು, ಸೀಸನ್ನಿನ ಬಹುಪಾಲು ಹೋಯ್ತು. ಆ ಒಂದು ಗಾಯಕ್ಕೆ ಇದೇ ಕಾರಣ ಅಂತ ಯಾರೂ ಪ್ರೂವ್ ಮಾಡೋಕಾಗಲ್ಲ. ಆದ್ರೆ ರಾಬರ್ಟ್ಸ್ ಇದ್ದ ಅದೇ ಮ್ಯಾಂಚೆಸ್ಟರ್‌ನಲ್ಲಿ, ಮೈದಾನದ ಅದೇ ಜಾಗದಲ್ಲಿ ಆಡ್ತಿದ್ದ ಆಟಗಾರ, ಸಂಬಳ ಸಾವಿರಾರು ಪಟ್ಟು ಜಾಸ್ತಿ ಆದ್ರೂ ಎಷ್ಟು ಆಡ್ಬೇಕು ಅನ್ನೋದ್ರಲ್ಲಿ ತನಗೆ ಮಾತಿಲ್ಲ ಅಂತ ಹೇಳ್ತಿದ್ದ. ಕೋಟಿಗಟ್ಟಲೆ ದುಡೀತಾರಲ್ಲ ಇವರಿಗೇನು ಕಷ್ಟ ಅಂತ ಕೇಳೋರಿಗೆ ನಾನು ಹೇಳೋದು, ಯೂನಿಯನ್‌ನಲ್ಲಿ ರೋಡ್ರಿ ಥರದವರು ಬೆರಳೆಣಿಕೆ, ಉಳಿದ ಸಾವಿರಾರು ಜನ ಮೂರನೇ ನಾಲ್ಕನೇ ಡಿವಿಷನ್‌ನವರು, ಅಲ್ಲಿ ಒಂದು ಗಾಯ ಅಂದ್ರೆ ಮನೆ ಬಾಡಿಗೆಯ ಪ್ರಶ್ನೆ.

ನಮ್ಮ ಕಡೆಯೂ ಈಗ ಇದರ ಬಿಸಿ ತಟ್ಟಿದೆ. 2025ರಲ್ಲಿ ನಮ್ಮ ದೇಶದ ದೊಡ್ಡ ಫುಟ್ಬಾಲ್ ಲೀಗ್ ಐಎಸ್‌ಎಲ್ ನಡೆಸೋ ಕಂಪನಿ ಮತ್ತು ಭಾರತದ ಫುಟ್ಬಾಲ್ ಫೆಡರೇಷನ್ ಎಐಎಫ್‌ಎಫ್ ನಡುವಿನ ಒಪ್ಪಂದ ಮುಂದುವರಿಯೋದು ಖಾತ್ರಿ ಇಲ್ದೇ ಲೀಗ್ ನಿಂತುಹೋದಾಗ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಫಸ್ಟ್ ಟೀಮ್ ಆಟಗಾರರ, ಸ್ಟಾಫ್‌ನ ಸಂಬಳವನ್ನ ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸ್ತಿದ್ದೀವಿ ಅಂತ ಘೋಷಿಸ್ತು. ಕ್ಲಬ್ಬಿಗೂ ಆಗ ಮುಂದಿನ ದಾರಿ ಕಾಣ್ತಿರ್ಲಿಲ್ಲ, ಅದು ನಿಜ. ಆದ್ರೆ ಲೀಗಿನ ಒಪ್ಪಂದದಲ್ಲಿ ಸಹಿ ಹಾಕೋದು ಇಬ್ರು, ಅದು ಮುರಿದ್ರೆ ಸಂಬಳ ನಿಲ್ಲೋದು ಅಲ್ಲಿ ಸಹಿಯೇ ಹಾಕದ ಮೂರನೆಯವರದ್ದು. ಇಷ್ಟಕ್ಕೂ ಭಾರತದ ಫುಟ್ಬಾಲ್ ಆಟಗಾರರಿಗೆ ಭೈಚುಂಗ್ ಭುಟಿಯಾ ಮೊದಲಾದವರು ಕಟ್ಟಿದ ಒಂದು ಸಂಘ ಇದೆ, ಅದು ಫಿಫ್‌ಪ್ರೋ ಜೊತೆಗೂ ಇದೆ.

ಕ್ರಿಕೆಟ್‌ನಲ್ಲಿ ಅದೂ ಇಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಕಮಿಟಿ ಹೇಳಿದ್ಮೇಲೆ 2019ರಲ್ಲಿ ಬಂದ ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್ ರಿಟೈರ್ ಆದವರಿಗೆ ಮಾತ್ರ. ಬಿಸಿಸಿಐ ಆಡಳಿತ ನೋಡ್ಕೊಳ್ಳೋ ಅಪೆಕ್ಸ್ ಕೌನ್ಸಿಲ್‌ನಲ್ಲಿ ಅದರ ಇಬ್ಬರು ಪ್ರತಿನಿಧಿಗಳಿಗೆ ಜಾಗ ಇದೆ, ಒಳ್ಳೇದು, ಆದ್ರೆ ಈಗ ಆಡ್ತಿರೋ ಯಾರೂ ಸದಸ್ಯ ಆಗೋ ಹಾಗಿಲ್ಲ. ಐಪಿಎಲ್ ಆಕ್ಷನ್‌ನಲ್ಲಿ ಮಾರಾಟ ಆದ್ಮೇಲೆ ಸರಿಯಾದ ಕಾರಣ ಇಲ್ದೇ ಹಿಂದೆ ಸರಿದ್ರೆ ಎರಡು ವರ್ಷ ಬ್ಯಾನ್ ಅನ್ನೋ ರೂಲ್ ಬಂತಲ್ಲ, 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್‌ಗೆ ತಾಗಿದ್ದು ಅದೇ. ಫ್ರಾಂಚೈಸಿಗಳ ಕಷ್ಟ ನೋಡಿದ್ರೆ ಆ ರೂಲ್‌ಗೆ ಕಾರಣ ಇರಬಹುದು. ಬ್ರೂಕ್‌ಗೆ ಇಂಗ್ಲೆಂಡಿನಲ್ಲಿ ಕೇಳೋಕೆ ಒಂದು ಆಟಗಾರರ ಸಂಘ ಇದೆ. 30 ಲಕ್ಷಕ್ಕೆ ಆಕ್ಷನ್‌ಗೆ ಹೆಸರು ಕೊಡೋ ನಮ್ಮ ರಣಜಿ ಹುಡುಗನಿಗೆ ಇಂಥ ರೂಲ್ ಬರೆಯುವಾಗ, ಗಾಯವಾಗಿ ಟೀಮಿನಿಂದ ಬಿದ್ದಾಗ, ಕಾಂಟ್ರಾಕ್ಟ್ ಓದಿ ಹೇಳೋಕೆ ತನ್ನದು ಅನ್ನೋ ಸಂಘ ಇಲ್ಲ. ಇಂಡಿಯನ್ ಕ್ರಿಕೆಟರ್ಸ್ ಅಸೋಸಿಯೇಷನ್ ಬಾಗಿಲು ಈಗ ಆಡ್ತಿರೋರಿಗೂ ತೆಗೀಬೇಕು, ಅದಕ್ಕೆ ಬಿಸಿಸಿಐ ಸಂವಿಧಾನದಲ್ಲಿ ತಿದ್ದುಪಡಿ ಬೇಕಾಗತ್ತೆ, ಅದನ್ನ ಕೇಳೋಕೆ ರಾಬರ್ಟ್ಸ್ ಥರ ಟೀಮಿನಲ್ಲಿ ಜಾಗ ಗಟ್ಟಿ ಇರೋ ದೊಡ್ಡ ಆಟಗಾರರೇ ಮೊದಲು ಮುಂದೆ ಬರ್ಬೇಕು.